ಇನ್ನೊಬ್ಬರಿಗಾಗಿ ಕಾಯಲಾಗುತ್ತಿದೆ

ಸೀರೆಯ ನೆರಿಗೆ ಮೂರನೆಯ ಸಲವೂ ಸರಿಯಾಗಿ ಕೂರದಿದ್ದಾಗ ಅನಂತಲಕ್ಷ್ಮಿ ಹಾಗೇ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಹನ್ನೊಂದು ಗಂಟೆಗೆ ಕೀರ್ತನಾಳ ತಾಯಿ ಕಾಲೇಜಿಗೆ ಬರುತ್ತಾರೆ, ಮಗಳಿಗೆ ಬಂದ ಬಹುಮಾನವನ್ನು ಕಣ್ಣಾರೆ ನೋಡಲಿಕ್ಕೆ. ಬಹುಮಾನ ಬಂದದ್ದು ನಿಜ, ಫಲಕದ ಮೇಲೆ ಹುಡುಗಿಯ ಹೆಸರು ಕೆತ್ತಿಸಿಯೂ ಆಗಿದೆ. ಆದರೆ ಕೀರ್ತನಾ ಕಾಲೇಜಿನ ಮೆಟ್ಟಿಲು ಹತ್ತಿ ಏಳು ವಾರವಾಯಿತು. ಆ ಏಳು ವಾರವೂ ಅವಳ ರೋಲ್ ನಂಬರಿನಲ್ಲಿ ಕೂತು ಕ್ಲಾಸಿನ ಮೊಬೈಲ್ ಆಟ ಆಡಿದ್ದು, ಆಡಿ ಗೆದ್ದದ್ದು, ಅವಳಿಗೆ ಎಕನಾಮಿಕ್ಸ್ ಪಾಠ ಹೇಳುವ ಈ ಐವತ್ತನಾಲ್ಕು ವರ್ಷದ ಹೆಂಗಸು. ಇದನ್ನು ಆ ತಾಯಿಯ ಮುಖ ನೋಡಿಕೊಂಡು ಹೇಳಬೇಕು. ನಿನ್ನೆ ಸಂಜೆ ಪ್ರಿನ್ಸಿಪಾಲರು ಸುದ್ದಿ ಕೊಟ್ಟಾಗಲೇ ಬಾಯಿ ಬಿಡಬಹುದಾಗಿತ್ತು, ಬಿಡಲಿಲ್ಲ. ಮನೆಗೆ ಬಂದು ಗಂಡನ ಹತ್ತಿರವಾದರೂ ಹೇಳಬಹುದಾಗಿತ್ತು, ಅದೂ ಆಗಲಿಲ್ಲ. ಗೋಪೀನಾಥ ಬಾಗಿಲಲ್ಲಿ ಇಣುಕಿ, ಸ್ಟೂಡೆಂಟಿಗೆ ಪ್ರೈಜ್ ಬಂದರೆ ಮೇಡಮ್ಮಿನ ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ ಎಂದು ರೇಗಿಸಿದ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅವನಿಗೆ ಬೇರೆಯವರ ಮುಖ ನೋಡುವುದೇ ಕೆಲಸ. ಅವಳು ಎದ್ದು, ನಾಲ್ಕನೆಯ ಸಲ ನೆರಿಗೆ ಹಿಡಿದು ಪಿನ್ನು ಚುಚ್ಚಿಕೊಂಡಳು.

ಆರ್‌ಪಿಸಿ ಲೇಔಟಿನ ಮನೆಯಿಂದ ಚಂದ್ರಾ ಲೇಔಟಿನ ಕಾಲೇಜಿಗೆ ಇಪ್ಪತ್ತೈದು ನಿಮಿಷದ ನಡಿಗೆ. ದಾರಿಯಲ್ಲಿ ದರ್ಶಿನಿಯ ಮುಂದೆ ನಿಂತು ಇಡ್ಲಿ ತಿನ್ನುವವರ ನಡುವೆ ತನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇರುತ್ತಾರೆ, ನಮಸ್ಕಾರ ಮೇಡಂ ಅನ್ನುತ್ತಾರೆ. ಮಾತಾಡಿಸಿಕೊಳ್ಳಲಿಕ್ಕೆಂದೇ ಅವಳು ಆ ಕಡೆಯ ಫುಟ್‌ಪಾತಿನಲ್ಲಿ ಹೋಗುವುದು. ಇವತ್ತು ಎದುರು ಕಡೆಯಿಂದ ಹೋದಳು. ಇಪ್ಪತ್ತಾರು ವರ್ಷ ಸೀಮೆಸುಣ್ಣ ಹಿಡಿದ ಕೈ ಇದು. ಬೇಡಿಕೆಯ ಗೆರೆ ಮೇಲಿನಿಂದ ಜಾರುತ್ತದೆ, ಪೂರೈಕೆಯ ಗೆರೆ ಕೆಳಗಿನಿಂದ ಹತ್ತುತ್ತದೆ, ಎರಡೂ ಸೇರಿದ ಜಾಗದಲ್ಲಿ ಬೆಲೆ ಹುಟ್ಟುತ್ತದೆ. ಸ್ಕೇಲಿಲ್ಲದೆ ಅಷ್ಟು ನೆಟ್ಟಗೆ ಗೆರೆ ಎಳೆಯುವವರು ಈ ಕಡೆ ಯಾವ ಕಾಲೇಜಿನಲ್ಲೂ ಇಲ್ಲ ಎಂದು ಅವಳಿಗೆ ಒಳಗೊಳಗೇ ಒಂದು ಜಂಬವಿತ್ತು. ಹೋದ ವರ್ಷ, ಫಸ್ಟ್ ಪಿಯುಸಿಯಲ್ಲಿ, ಹಾಗೆ ಗೆರೆ ಎಳೆದು ಕೈ ಒರೆಸಿಕೊಳ್ಳುತ್ತಿದ್ದಾಗ ಕಿಟಕಿ ಪಕ್ಕದ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತಳು. ಮೇಡಂ, ಆ ಬೆಲೆಗೆ ಕೊಂಡ್ಕೊಳ್ಳೋಕಾಗದೆ ಇರೋರು ಗ್ರಾಫಲ್ಲಿ ಎಲ್ಲಿರ್ತಾರೆ ಎಂದು ಕೇಳಿದಳು. ಯಾರೋ ಕಿಸಕ್ಕನೆ ನಕ್ಕರು. ಅನಂತಲಕ್ಷ್ಮಿ ಬೋರ್ಡಿನ ಕಡೆ ತಿರುಗಿ ನೋಡಿದಳು, ತಾನೇ ಬರೆದದ್ದನ್ನು ಮೊದಲ ಸಲ ನೋಡುವ ಹಾಗೆ. ಇಲ್ಲೇ ಇರ್ತಾರೆ ಕಣಮ್ಮ, ಗೆರೆಯ ಈ ಕೆಳಗಿನ ತುದೀಲಿ, ನಾವು ಅಲ್ಲಿ ಚುಕ್ಕೆ ಇಡಲ್ಲ ಅಷ್ಟೆ ಎಂದಳು. ಅವತ್ತು ಮನೆಗೆ ಹೋಗುವಾಗ ಎಷ್ಟೋ ವರ್ಷದ ಹಿಂದೆ ಮರೆತಿದ್ದ ಹಾಡೊಂದನ್ನು ಗುನುಗಿಕೊಂಡು ಹೋಗಿದ್ದಳು. ಹೆಗ್ಗನಹಳ್ಳಿಯಿಂದ ಬರುವ ಹುಡುಗಿ, ಹೆಸರು ಕೀರ್ತನಾ, ರೋಲ್ ನಂಬರ್ ಮೂವತ್ತನಾಲ್ಕು. ಆಮೇಲೆ ಪಾಠ ಮಾಡುವಾಗೆಲ್ಲ ಕಣ್ಣು ಆ ಕಿಟಕಿಯ ಕಡೆಗೇ ಹೋಗುತ್ತಿತ್ತು, ನಲವತ್ತೆರಡು ಜನರಲ್ಲಿ ಒಬ್ಬಳಿಗೆ ಕೇಳಿಸಿದರೆ ಸಾಕು ಅನ್ನಿಸುತ್ತಿತ್ತು.

ಈ ವರ್ಷ ಆಟ ಬಂತು. ಪ್ರಿನ್ಸಿಪಾಲ್ ಏಕಾಂತಯ್ಯನವರು ಸ್ಟಾಫ್ ಮೀಟಿಂಗಿನಲ್ಲಿ, ಮಕ್ಕಳು ಈಗ ಬೋರ್ಡು ನೋಡೋದಿಲ್ಲ ಮೇಡಂ, ಸ್ಕ್ರೀನ್ ನೋಡ್ತಾರೆ, ನಾವೂ ಅಲ್ಲಿಗೇ ಹೋಗೋಣ ಎಂದರು. ಕಂಪನಿಯ ಕಡೆಯಿಂದ ಸಮರ್ಥ ಅನ್ನುವವನು ಬಂದು ಎರಡು ದಿನ ಟ್ರೇನಿಂಗ್ ಕೊಟ್ಟ. ಅವಳ ಮೊದಲ ಬ್ಯಾಚಿನವರ ಮಗನಷ್ಟು ವಯಸ್ಸು, ಎಲ್ಲದಕ್ಕೂ ಸಿಂಪಲ್ ಮೇಡಂ ಅನ್ನುತ್ತಿದ್ದ. ಪ್ರತಿ ವಿದ್ಯಾರ್ಥಿಗೂ ಸ್ಕ್ರೀನಿನ ಮೇಲೆ ಒಂದು ಬ್ಯಾಗಿನ ಕಾರ್ಖಾನೆ. ಇವತ್ತು ಮಾರುವವರು ನಾಳೆ ಕೊಳ್ಳುವವರು. ಯಾರ ಹತ್ತಿರ ಬೇಕಾದರೂ ಕೊಳ್ಳಬಹುದು, ಆದರೆ ಪ್ರತಿ ಮಾರುವವರಿಗೂ ಒಬ್ಬ ಕೊಳ್ಳುವವರ ಜೋಡಿ ಕೂಡಿಬಂದರೇ ಆಟ ಶುರು, ದಿನಕ್ಕೊಂದು ಸುತ್ತು, ಮೊದಲ ಪೀರಿಯಡ್ಡಿನ ಮೊದಲ ಹತ್ತು ನಿಮಿಷ, ಅವರವರ ಫೋನಿನಲ್ಲೇ. ಆಟಕ್ಕೆ ಲಾಗಿನ್ ಆದರೆ ಅದೇ ಆ ದಿನದ ಹಾಜರಿ. ಕೊನೆಗೆ ಮೊದಲ ಸ್ಥಾನದಲ್ಲಿದ್ದವರಿಗೆ ಬಹುಮಾನ. ಅವಳು ಮೂಗು ಮುರಿದಿದ್ದಳು, ಇದೆಲ್ಲ ಎಷ್ಟು ದಿನ ಎಂದು. ಆದರೆ ಸುಳ್ಳು ಯಾಕೆ ಹೇಳಬೇಕು, ಆಟ ಕೆಲಸ ಮಾಡಿತು. ಕೊನೆಯ ಬೆಂಚಿನ ಭೈರೇಶ್, ಹೋದ ವರ್ಷವಿಡೀ ಬಾಯಿ ಬಿಡದಿದ್ದವನು, ನಾಲ್ಕನೆಯ ದಿನ, ಎಲ್ಲ್ರೂ ಜಾಸ್ತಿ ಮಾಡಿದ್ರೆ ರೇಟ್ ಬಿದ್ದೋಗತ್ತೆ ಗುರು ಎಂದು ಪಕ್ಕದವನಿಗೆ ವಿವರಿಸುತ್ತಿದ್ದ. ಅದನ್ನು ಹೇಳಿಕೊಡಲು ಅವಳಿಗೆ ಮೂರು ವಾರ ಬೇಕಾಗುತ್ತಿತ್ತು, ಆದರೂ ಅವನಿಗೆ ಹತ್ತುತ್ತಿರಲಿಲ್ಲ. ಈಗ ಅವಳ ಕೆಲಸ ಶುರು ಅನ್ನುವ ಹಸಿರು ಗುಂಡಿ ಒತ್ತುವುದು. ಒತ್ತಿದ ಕೂಡಲೇ ನಲವತ್ತೆರಡು ತಲೆಗಳೂ ಬಗ್ಗಿಬಿಡುತ್ತಿದ್ದವು, ಕಿಟಕಿ ಪಕ್ಕದ ತಲೆಯೂ. ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಮಟ್ಟಕ್ಕೆ ಬಂದೆಯಲ್ಲೇ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಎರಡನೆಯ ವಾರದ ಆ ಮಂಗಳವಾರವನ್ನು ಅವಳು ನೆನೆಯಬಾರದು ಅಂದುಕೊಂಡಷ್ಟೂ ನೆನಪಾಗುತ್ತದೆ. ಕೀರ್ತನಾಳ ಫೋನು ಹಳೆಯದು, ಗಾಜು ಒಡೆದದ್ದು. ಅವಳು ಬೆಲೆ ಒತ್ತುವುದಕ್ಕೂ ಅದು ಹೋಗಿ ಸೇರುವುದಕ್ಕೂ ನಡುವೆ ಹೊತ್ತು ಹಿಡಿಯುತ್ತಿತ್ತು, ಅಷ್ಟರಲ್ಲಿ ಸುತ್ತು ಮುಗಿದುಹೋಯಿತು. ಬೆಲೆ ಬರೆಯದ ಮಾಲನ್ನು ಆಟ ಪುಕ್ಕಟೆ ಎಂದು ಲೆಕ್ಕ ಹಾಕಿತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಎಲ್ಲರ ಹೆಸರಿಗಿಂತ ಕೆಳಗೆ ಕೆಂಪು ಅಕ್ಷರದಲ್ಲಿ ಬಂತು: ಕೀರ್ತನಾ ಕೆ., ದಿವಾಳಿ. ಕ್ಲಾಸು ಹೋ ಎಂದಿತು. ಇಷ್ಟಾದರೆ ಮರೆತುಹೋಗುತ್ತಿತ್ತು. ಆದರೆ ಅನಂತಲಕ್ಷ್ಮಿ, ಹತ್ತು ದಿನದಿಂದ ಯಾರೂ ತನ್ನ ಮಾತಿಗೆ ತಲೆ ಎತ್ತದ ಕ್ಲಾಸಿನಲ್ಲಿ, ನೋಡ್ರೋ, ಹೆಗ್ಗನಹಳ್ಳಿ ಸಾಹುಕಾರ್ತಿ ಬ್ಯಾಗ್ ದಾನ ಮಾಡ್ತಾ ಇದಾಳೆ, ಹೋಗಿ ಸಾಲಾಗಿ ನಿಂತ್ಕೊಳ್ಳಿ ಎಂದಳು. ಎಲ್ಲ ತಲೆಗಳೂ ಎದ್ದವು, ಎಲ್ಲರೂ ನಕ್ಕರು, ಮೇಡಮ್ಮಿನ ಮುಖ ನೋಡಿ ನಕ್ಕರು. ಆ ನಗು ಮೈಗೆ ಎಷ್ಟು ಹಿತವಾಯಿತೆಂದರೆ ಅವಳೂ ಜೊತೆಗೆ ನಕ್ಕಳು. ಕೀರ್ತನಾಳೂ ನಕ್ಕಳು. ಫೋನನ್ನು ಲಂಗದ ಮೇಲೆ ಬೋರಲು ಹಾಕಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ನಕ್ಕಳು. ಬುಧವಾರ ಅವಳು ಬರಲಿಲ್ಲ.

ಬುಧವಾರ ಹಸಿರು ಗುಂಡಿ ಒತ್ತಿದರೆ ಆಟ ಶುರುವಾಗಲಿಲ್ಲ. ನಲವತ್ತೊಂದು ಜನ, ಒಬ್ಬರಿಗೆ ಜೋಡಿಯಿಲ್ಲ. ಇನ್ನೊಬ್ಬರಿಗಾಗಿ ಕಾಯಲಾಗುತ್ತಿದೆ ಎಂದು ಪರದೆಯ ಮೇಲೆ ಮೂಡಿ, ಪಕ್ಕದಲ್ಲಿ ಒಂದು ಚಕ್ರ ಸುತ್ತತೊಡಗಿತು. ಹುಡುಗರು ಕಾಲು ಕುಟ್ಟಿದರು. ಸಮರ್ಥನಿಗೆ ಫೋನ್ ಮಾಡಿದರೆ, ಸಿಂಪಲ್ ಮೇಡಂ, ಬರದೇ ಇರೋರ ನಂಬರಲ್ಲಿ ನೀವೇ ಲಾಗಿನ್ ಆಗಿ, ಪಾಸ್‌ವರ್ಡ್ ಎಲ್ಲಾ ನಿಮ್ಮ ಲಿಸ್ಟಲ್ಲೇ ಇದೆಯಲ್ಲ ಎಂದ. ಒಂದು ದಿನಕ್ಕೆ ಅಂದುಕೊಂಡೇ ಮೇಜಿನ ಕೆಳಗೆ ತನ್ನ ಫೋನಿನಲ್ಲಿ ಮೂವತ್ತನಾಲ್ಕು ಒತ್ತಿದಳು. ಗುರುವಾರವೂ ಬರಲಿಲ್ಲ, ಶುಕ್ರವಾರವೂ. ಪರದೆಯ ಮೇಲೆ ಹೆಸರು ಬೇಡ, ನಂಬರು ಸಾಕು, ಮಕ್ಕಳಿಗೆ ಅವಮಾನ ಆಗುತ್ತೆ ಎಂದು ಅವಳೇ ಹೇಳಿ ಬದಲು ಮಾಡಿಸಿದಳು. ಏಕಾಂತಯ್ಯನವರು ಎಷ್ಟು ಸೂಕ್ಷ್ಮ ಮೇಡಂ ನೀವು ಎಂದು ಮೆಚ್ಚಿಕೊಂಡರು. ಎರಡು ವಾರ ಹೋದ ಮೇಲೆ ಅವಳು ರಾತ್ರಿ ಊಟಕ್ಕೆ ಕೂತಾಗಲೂ ಮೂವತ್ತನಾಲ್ಕನೆಯ ಕಾರ್ಖಾನೆಯ ಬಗ್ಗೆ ಯೋಚಿಸುತ್ತಿದ್ದಳು. ಕೀರ್ತನಾ ಆಗಿದ್ದರೆ ಏನು ಮಾಡುತ್ತಿದ್ದಳು? ಬೆಲೆ ಇಳಿಸುತ್ತಿದ್ದಳು, ಗೆರೆಯ ಕೆಳಗಿನ ತುದಿಯವರಿಗೂ ಎಟುಕುವ ಹಾಗೆ. ಸರಿ, ಹಾಗೇ ಇಳಿಸಿದಳು. ಎಲ್ಲರೂ ಮೂವತ್ತನಾಲ್ಕರ ಹತ್ತಿರವೇ ಕೊಳ್ಳತೊಡಗಿದರು. ಕೆಂಪು ಅಕ್ಷರ ಕಪ್ಪಾಯಿತು, ಕೊನೆಯ ಸ್ಥಾನದಿಂದ ಇಪ್ಪತ್ತಕ್ಕೆ, ಹತ್ತಕ್ಕೆ, ಗೌರಿಹಬ್ಬದ ಹೊತ್ತಿಗೆ ಮೊದಲನೆಯ ಸ್ಥಾನಕ್ಕೆ ಬಂತು. ಮೂವತ್ತನಾಲ್ಕು ಯಾರು ಮಚ್ಚಾ ಎಂದು ಹುಡುಗರು ಕೇಳಿಕೊಳ್ಳುವಾಗ ಅವಳ ಎದೆ ಉಬ್ಬುತ್ತಿತ್ತು. ನಿನ್ನನ್ನು ಎಲ್ಲಿಗೆ ತಂದು ಕೂರಿಸಿದ್ದೀನಿ ನೋಡು ಬಾರೇ ಎಂದು ಆ ಖಾಲಿ ಬೆಂಚಿಗೆ ಮನಸ್ಸಿನಲ್ಲೇ ಹೇಳುತ್ತಿದ್ದಳು. ಅವಳಿಗೆ ಆ ಹುಡುಗಿ ಬೇಕಿತ್ತು. ಬಾಗಿಲಲ್ಲಿ ನಿಂತು ಮೇ ಐ ಕಮಿನ್ ಮೇಡಂ ಅನ್ನುವ ಧ್ವನಿ ಬೇಕಿತ್ತು, ಪಾಠದ ನಡುವೆ ಹುಬ್ಬು ಗಂಟಿಕ್ಕಿ ನೋಡುವ ಆ ನೋಟ ಬೇಕಿತ್ತು. ಪ್ರತಿ ಬೆಳಿಗ್ಗೆ ಒಂಬತ್ತೂವರೆಗೆ ಹೊಟ್ಟೆಯೊಳಗೆ ಒಂದು ಹಸಿವಿನ ಹಾಗೆ ಅದು ಏಳುತ್ತಿತ್ತು.

ಹಾಗಿದ್ದರೆ ಒಂದು ಫೋನ್ ಮಾಡಬೇಕಿತ್ತು. ಆಫೀಸಿನಲ್ಲಿ ಮನೆಯ ನಂಬರಿತ್ತು. ಮೂರು ಸಲ ಗುಮಾಸ್ತೆ ರಮ್ಯಳ ಮೇಜಿನವರೆಗೂ ಹೋಗಿದ್ದಳು. ಒಂದು ಸಲ ಸೀಮೆಸುಣ್ಣ ಕೇಳಿ, ಒಂದು ಸಲ ರಜೆಯ ಅರ್ಜಿ ಕೇಳಿ, ಇನ್ನೊಂದು ಸಲ ಏನೂ ಕೇಳದೆ ವಾಪಸು ಬಂದಿದ್ದಳು. ಫೋನ್ ಮಾಡಿದರೆ ಯಾಕಮ್ಮ ಬರ್ತಿಲ್ಲ ಎಂದು ಕೇಳಬೇಕಾಗುತ್ತದೆ. ಕೇಳಿದರೆ ಹುಡುಗಿ ಹೇಳಿಬಿಡುತ್ತಾಳೆ. ಮೇಜಿನ ಕೆಳಗೆ ಆಡುವುದು ಅದಕ್ಕಿಂತ ಸುಲಭವಾಗಿತ್ತು. ಹೆಗ್ಗನಹಳ್ಳಿ ಕಡೆಯ ಹುಡುಗಿಯರು ನಡುವೆ ಬಿಟ್ಟುಹೋಗುವುದು ಹೊಸದೇನಲ್ಲ, ಮದುವೆ ಗೊತ್ತಾಗಿರಬಹುದು, ಕೆಲಸಕ್ಕೆ ಸೇರಿರಬಹುದು, ಮನೆಯವರಿಗೆ ಗೊತ್ತಿದ್ದೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಎಷ್ಟು ಚೆನ್ನಾಗಿ ಹೇಳಿಕೊಂಡಿದ್ದಳೆಂದರೆ, ನಿನ್ನೆ ಸಂಜೆ ಏಕಾಂತಯ್ಯನವರು, ನಮ್ಮ ಟಾಪರ್ ತಾಯಿಗೆ ರಮ್ಯ ಫೋನ್ ಮಾಡಿದ್ಲು ಮೇಡಂ, ಪಾಪ ಅತ್ತುಬಿಟ್ರಂತೆ, ಬರ್ತೀನಿ ಅಂದ್ರಂತೆ ಎಂದಾಗ, ಮೊದಲಿಗೆ ಅವಳಿಗೆ ಅರ್ಥವೇ ಆಗಲಿಲ್ಲ. ಮಗಳು ಕಾಲೇಜು ಬಿಟ್ಟಿದ್ದಾಳೆಂದು ಗೊತ್ತಿರುವ ತಾಯಿ ಹಾಗೆ ಅಳುವುದಿಲ್ಲ ಅನ್ನುವುದು ಮೆಟ್ಟಿಲು ಇಳಿಯುವಾಗ ಹೊಳೆದು, ಕಂಬಿ ಹಿಡಿದುಕೊಂಡು ನಿಂತಿದ್ದಳು.

ಕಾಲೇಜಿನ ಗೇಟಿಗೆ ಮಾವಿನ ಸೊಪ್ಪು ಕಟ್ಟಿದ್ದರು. ಏಕಾಂತಯ್ಯನವರು ಇಸ್ತ್ರಿಯ ಬಿಳಿ ಅಂಗಿಯಲ್ಲಿ ವೇದಿಕೆಯ ಮೇಲೆ ಕುರ್ಚಿ ಹಾಕಿಸುತ್ತಿದ್ದರು. ಸಾರ್, ಒಂದು ವಿಷಯ ಹೇಳ್ಬೇಕಿತ್ತು ಎಂದು ಅವಳು ಶುರು ಮಾಡಿದಳು. ಅವರು, ಎಲ್ಲಾ ಆಮೇಲೆ ಮೇಡಂ, ಮೊದಲು ಆ ಹೂವಿನ ಬೊಕೆ ಎಲ್ಲಿ ಹೋಯ್ತು ನೋಡಿ ಎಂದರು. ಇದು ನಿಮ್ಮ ಸಕ್ಸೆಸ್, ಫೋಟೋದಲ್ಲಿ ನೀವು ನಡುವೆ ನಿಲ್ಲಬೇಕು ಎಂದೂ ಸೇರಿಸಿದರು. ಅವಳು ಬೊಕೆ ಹುಡುಕಲು ಹೋದಳು. ಬೊಕೆ ಆಫೀಸಿನ ವಾಶ್‌ಬೇಸಿನ್ನಿನಲ್ಲಿತ್ತು, ಅದರ ಪಕ್ಕದ ಮೇಜಿನ ಮೇಲೆ ಮರದ ಫಲಕ. ಹೆಸರಿನ ಮೇಲೆ ಬೆರಳಾಡಿಸಿದರೆ ಅಕ್ಷರಗಳು ಆಳವಾಗಿ ಕೊರೆದುಕೊಂಡಿದ್ದವು. ಗಂಟೆ ಹೊಡೆಯಿತು.

ಮೊದಲ ಪೀರಿಯಡ್ಡಿನಲ್ಲಿ ಹಸಿರು ಗುಂಡಿ ಒತ್ತಿದಳು. ಇನ್ನೊಬ್ಬರಿಗಾಗಿ ಕಾಯಲಾಗುತ್ತಿದೆ. ಮೇಜಿನ ಕೆಳಗೆ ಫೋನ್ ಕೈಯಲ್ಲೇ ಇತ್ತು, ಹೆಬ್ಬೆರಳಿಗೆ ಆ ನಂಬರು ಬಾಯಿಪಾಠವಾಗಿತ್ತು, ಆದರೆ ಬೆರಳು ಹೋಗಲಿಲ್ಲ. ಧೈರ್ಯ ಅಂತಲ್ಲ. ಆ ಫಲಕ ನೋಡಿದ ಮೇಲೆ ಕೈಗೆ ಯಾಕೋ ಹೇಸಿಗೆಯಾಗಿತ್ತು. ಚಕ್ರ ಸುತ್ತುತ್ತಲೇ ಇತ್ತು. ನೆಟ್ ಇಲ್ವಾ ಮೇಡಂ ಎಂದ ಭೈರೇಶ್. ಥರ್ಟಿಫೋರ್ ಬಂದಿಲ್ಲ ಅನ್ಸತ್ತೆ ಎಂದು ಇನ್ಯಾರೋ ಅಂದರು. ಆಗ ಮುಂದಿನ ಬೆಂಚಿನ ಒಬ್ಬಳು, ಥರ್ಟಿಫೋರ್ ಕೀರ್ತನಾ ಅಲ್ವೇನೇ, ಅವಳು ಬರೋದೇ ಇಲ್ವಲ್ಲ ಎಂದು ಪಕ್ಕದವಳಿಗೆ ಮೆಲ್ಲಗೆ ಹೇಳಿದ್ದು ಇಡೀ ಕ್ಲಾಸಿಗೆ ಕೇಳಿಸಿತು. ಅನಂತಲಕ್ಷ್ಮಿ ಲ್ಯಾಪ್‌ಟಾಪ್ ಮುಚ್ಚಿ, ಇವತ್ತು ಆಟ ಬೇಡ ಎಂದು ಸೀಮೆಸುಣ್ಣ ತೆಗೆದುಕೊಂಡಳು. ಎಷ್ಟು ದಿನದಿಂದ ಕಾದಿದ್ದ ಗಳಿಗೆ. ಜಾರುವ ಗೆರೆ ಎಳೆದಳು, ಹತ್ತುವ ಗೆರೆ ಎಳೆದಳು, ಎರಡನೆಯದು ಸೊಟ್ಟಗಾಯಿತು. ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಒಬ್ಬ ಆಕಳಿಸುತ್ತಿದ್ದ. ಮೇಡಂ, ಇದು ನಮಗೆ ಬರುತ್ತಲ್ಲ, ಗೇಮಲ್ಲೇ ಆಯ್ತಲ್ಲ ಎಂದ ಭೈರೇಶ್, ಕುಹಕವೇನಿಲ್ಲದೆ, ಅವಳಿಗೆ ಶ್ರಮ ಯಾಕೆ ಎಂಬಂತೆ. ಹೌದಪ್ಪ, ಆಯ್ತು ಎಂದಳು ಅವಳು. ತನಗೆ ಬೇಕಾಗಿದ್ದದ್ದು ಈ ಬೋರ್ಡಲ್ಲ, ಈ ಗೆರೆಯೂ ಅಲ್ಲ ಎಂದು ಆಗ ಗೊತ್ತಾಯಿತು. ಉಳಿದ ಅರ್ಧ ಗಂಟೆ ಏನು ಹೇಳಿದಳೋ ಅವಳಿಗೇ ನೆನಪಿಲ್ಲ.

ಮುನಿಲಕ್ಷ್ಮಮ್ಮ ಹನ್ನೊಂದಕ್ಕೆ ಹತ್ತು ನಿಮಿಷ ಮುಂಚೆಯೇ ಬಂದು ಸ್ಟಾಫ್‌ರೂಮಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಹೆಗ್ಗನಹಳ್ಳಿಯ ಅಂಗನವಾಡಿಯಲ್ಲಿ ಸಹಾಯಕಿ, ಅರ್ಧ ದಿನ ರಜೆ ಹಾಕಿ ಬಂದಿದ್ದರು. ಹಸಿರು ರೇಷ್ಮೆ ಸೀರೆ, ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ, ಮುಡಿಗೆ ಕನಕಾಂಬರ. ಅನಂತಲಕ್ಷ್ಮಿಯನ್ನು ಕಂಡ ಕೂಡಲೇ ಎದ್ದು ನಿಂತು ಎರಡೂ ಕೈ ಜೋಡಿಸಿದರು. ಅವಳು ಬೇಡ ಬೇಡ ಎಂದು ಆ ಕೈಗಳನ್ನು ಹಿಡಿದುಕೊಂಡು, ಪಕ್ಕದಲ್ಲಿ ಕೂತಳು. ಈಗಲೇ ಹೇಳಬೇಕು, ಕೂತ ತಕ್ಷಣ ಹೇಳಬೇಕು ಅಂದುಕೊಂಡಿದ್ದಳು. ಆದರೆ ಆಕೆ ಮಾತಾಡುತ್ತಿದ್ದರು, ಎಷ್ಟೋ ದಿನದಿಂದ ಕೂಡಿಟ್ಟುಕೊಂಡದ್ದನ್ನು ಬಿಚ್ಚುವವರ ಹಾಗೆ. ಮಗಳು ಮನೆಯಲ್ಲಿ ನಿಮ್ಮ ಮಾತೇ ಆಡ್ತಾಳೆ, ನಮ್ಮ ಮೇಡಮ್ಮು ಗೆರೆ ಎಳೆದ್ರೆ ಸ್ಕೇಲೇ ಬ್ಯಾಡ ಅಂತಾಳೆ ಎಂದರು. ಇತ್ತೀಚೆಗೆ ಮಾತು ಕಮ್ಮಿ ಮಾಡಿಬಿಟ್ಟಿದ್ದಾಳೆ, ಸಂಜೆ ಬಂದ ತಕ್ಷಣ ನನ್ನ ಫೋನು ಇಸ್ಕೊಂಡು ನೋಡ್ತಾಳೆ, ನೋಡಿ ಸುಮ್ಮನೆ ಕೊಟ್ಟುಬಿಡ್ತಾಳೆ. ಓದು ಜಾಸ್ತಿ ಆಯ್ತೇನೋ ಅಂದ್ಕೊಂಡಿದ್ದೆ, ಈಗ ಗೊತ್ತಾಯ್ತು ಎಂದು ನಕ್ಕರು. ಪ್ರೈಜಿನ ವಿಷಯ ಅವಳಿಗೆ ಹೇಳೇ ಇಲ್ಲವಂತೆ. ಸ್ಟೇಜಿನ ಮೇಲೆ ನಿಂತಾಗ ಎದುರಿಗೆ ಅಮ್ಮ ಕೂತಿರೋದು ನೋಡಲಿ ಅಂತ. ಬೆಳಿಗ್ಗೆ ಎಂಟಕ್ಕೆ ಅವಳು ಹೊರಟ ಮೇಲೆ ಪೆಟ್ಟಿಗೆಯಿಂದ ಸೀರೆ ತೆಗೆದದ್ದಂತೆ.  ಆಕೆಯ ಕೈ ಇನ್ನೂ ತನ್ನ ಕೈಯಲ್ಲಿತ್ತು, ಪಾತ್ರೆ ತೊಳೆದು ತೊಳೆದು ಬಿರಿದ ಕೈ, ಅದನ್ನು ಬಿಡುವುದು ಹೇಗೆಂದು ಅನಂತಲಕ್ಷ್ಮಿಗೆ ತಿಳಿಯಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಆಕೆಯ ಮಡಿಲಿನ ಫೋನು ಟಿಣ್ ಎಂದಿತು. ಚಾಳೀಸು ತಂದಿಲ್ಲ ಮೇಡಮ್ಮೋರೆ, ವಸಿ ನೋಡಿ ಎಂದು ಕೈಗೆ ಕೊಟ್ಟರು. ಕಾಲೇಜಿನ ಹೆಸರಿನಿಂದ ಬಂದ ಸಂದೇಶ. ನಿಮ್ಮ ಮಗಳು ಕೀರ್ತನಾ ಕೆ. ಇಂದು ತರಗತಿಗೆ ಗೈರುಹಾಜರಾಗಿದ್ದಾರೆ. ಅನಂತಲಕ್ಷ್ಮಿ ಅದನ್ನು ಎರಡು ಸಲ ಓದಿದಳು. ಬರದವರ ಮನೆಗೆ ಅವತ್ತೇ ಮೆಸೇಜ್ ಹೋಗುತ್ತದೆ ಎಂದು ಜುಲೈನಲ್ಲಿ ಸುತ್ತೋಲೆ ಬಂದಿತ್ತು, ಅದಕ್ಕೆ ಅವಳೇ ಸಹಿ ಹಾಕಿದ್ದಳು. ಮೊದಲ ಪೀರಿಯಡ್ಡಿನ ಲಾಗಿನ್ನೇ ಇಡೀ ದಿನದ ಹಾಜರಿ. ಉಳಿದ ಲೆಕ್ಚರರುಗಳು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ಟರ್ಮ್ ಮುಗಿದ ಮೇಲೆ ಆಫೀಸಿಗೆ ಹೋಗುತ್ತದೆ. ಅಂದರೆ ಏಳು ವಾರ ತಾನು ಮೇಜಿನ ಕೆಳಗೆ ಮೂವತ್ತನಾಲ್ಕು ಒತ್ತಿದಾಗೆಲ್ಲ ಈ ಒಂದು ಸಾಲನ್ನು ಒತ್ತಿ ಹಿಡಿದಿದ್ದಳು. ಗೊತ್ತಿರಲಿಲ್ಲ ಅಂದರೆ ಪೂರ್ತಿ ನಿಜವಲ್ಲ. ಗೊತ್ತು ಮಾಡಿಕೊಳ್ಳುವುದಕ್ಕೆ ಅವಳು ಹೋಗಿರಲಿಲ್ಲ.

ಏನಂತೆ ಎಂದು ಮುನಿಲಕ್ಷ್ಮಮ್ಮ ಕೇಳಿದರು. ಅವಳು ಓದಿ ಹೇಳಿದಳು. ಇವತ್ತು ಬಂದಿಲ್ವಾ, ಎಂಟಕ್ಕೇ ಹೊಂಟ್ಳಲ್ಲ ಎಂದು ಆಕೆ ಗಾಬರಿಯಾಗಿ ಎದ್ದರು. ಇನ್ನೂ ದಾರಿಯಿತ್ತು. ಇವತ್ತು ಒಂದು ದಿನ ಬಂದಿಲ್ಲ ಅಷ್ಟೆ ಅಂದುಬಿಟ್ಟರೆ ಆಗುತ್ತಿತ್ತು. ಫಲಕ ಕೈಗೆ ಕೊಟ್ಟು ಫೋಟೋ ತೆಗೆಸಿ ಕಳಿಸಬಹುದಿತ್ತು, ಆಮೇಲೆ ಸದ್ದಿಲ್ಲದೆ ಹುಡುಗಿಯನ್ನು ಕರೆಸಿ ಸರಿಮಾಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಅದರ ರುಚಿಯೂ ಗೊತ್ತಾಗುತ್ತಿತ್ತು.

"ಇವತ್ತು ಮಾತ್ರ ಅಲ್ಲ," ಎಂದಳು ಅನಂತಲಕ್ಷ್ಮಿ. "ಏಳು ವಾರ ಆಯ್ತು ಅವಳು ಬಂದು. ಅವಳ ನಂಬರಲ್ಲಿ ಆಟ ಆಡಿದ್ದು ನಾನು. ಆ ಪ್ರೈಜು ಅವಳದಲ್ಲ."

ಉಳಿದದ್ದನ್ನೂ ಹೇಳಿದಳು. ದಿವಾಳಿಯ ದಿನ, ತಾನು ಆಡಿದ ಮಾತು, ಎಲ್ಲರ ನಗು, ಮೇಜಿನ ಕೆಳಗಿನ ಫೋನು. ಯಾವುದನ್ನೂ ಒಪ್ಪ ಮಾಡಿ ಹೇಳಲಿಲ್ಲ, ಹೇಳುತ್ತಾ ಹೋದಂತೆ ಅದು ಇನ್ನಷ್ಟು ಕೆಟ್ಟದಾಗಿ ಕೇಳಿಸುತ್ತಿತ್ತು. ಮುನಿಲಕ್ಷ್ಮಮ್ಮ ಬೈಯುತ್ತಾರೆ ಅಂದುಕೊಂಡಿದ್ದಳು, ಬೈದಿದ್ದರೆ ಆಗುತ್ತಿತ್ತು. ಆಕೆ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಮತ್ತೆ ಕೂತು, ಕಾರಿಡಾರಿನ ಆ ತುದಿಯನ್ನು ನೋಡಿದರು. ಅಲ್ಲಿ ಹುಡುಗಿಯರು ಸಮವಸ್ತ್ರದಲ್ಲಿ ಬಿಸಿಲಿಗೆ ನಿಂತು ಹರಟುತ್ತಿದ್ದರು.

"ಹಂಗಾರೆ ನನ್ನ ಮಗಳು ದಿನಾ ಎಲ್ಲಿಗೆ ಹೋಯ್ತಾಳೆ ಮೇಡಮ್ಮೋರೆ?"

ಗೊತ್ತಿಲ್ಲ ಎಂದಳು ಅವಳು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಸಲ ಗೊತ್ತಿಲ್ಲದ್ದಕ್ಕೂ ಏನಾದರೊಂದು ಉತ್ತರ ಕೊಟ್ಟಿದ್ದಳು. ಮುನಿಲಕ್ಷ್ಮಮ್ಮ ಫೋನು ವಾಪಸು ಇಸ್ಕೊಂಡು, ಕಣ್ಣಿಗೆ ದೂರ ಹಿಡಿದು, ಮಗಳ ಹೆಸರು ಒತ್ತಿ ಸ್ಪೀಕರ್ ಹಾಕಿದರು. ಆರು ಸಲ ರಿಂಗಾಯಿತು. ಅಮ್ಮ, ಕ್ಲಾಸಲ್ಲಿದೀನಿ, ಆಮೇಲೆ ಮಾಡ್ತೀನಿ ಎಂದಿತು ಪಿಸುಮಾತಿನ ಧ್ವನಿ. ಅದರ ಹಿಂದೆ ಕಂಡಕ್ಟರನೊಬ್ಬ ಮಾರ್ಕೆಟ್ ಮಾರ್ಕೆಟ್ ಎಂದು ಕೂಗುತ್ತಿದ್ದ, ಬಸ್ಸೊಂದು ಹಿಂದಕ್ಕೆ ಬರುತ್ತ ಪೀಂ ಪೀಂ ಅನ್ನುತ್ತಿತ್ತು. ತಾಯಿ ಫೋನನ್ನು ಅನಂತಲಕ್ಷ್ಮಿಯ ಕಡೆ ಚಾಚಿದರು. ಏಳು ವಾರದಿಂದ ಅವಳು ಬೆಳಿಗ್ಗೆ ಬೆಳಿಗ್ಗೆ ಹಂಬಲಿಸಿದ್ದ ಧ್ವನಿ ಅದರೊಳಗಿತ್ತು. ಅವಳು ಫೋನ್ ತೆಗೆದುಕೊಂಡಳು.

ಕೀರ್ತನಾ, ನಾನಮ್ಮ, ಅನಂತಲಕ್ಷ್ಮಿ ಮೇಡಂ ಎಂದಳು. ಎಲ್ಲಿದೀಯಾ ಎಂದು ಕೇಳಿದಳು.  ಹುಡುಗಿ ಫೋನ್ ಇಟ್ಟುಬಿಡುತ್ತಾಳೆ ಅನ್ನಿಸಿತು, ಇಡಲಿಲ್ಲ. ಕೆಂಗೇರಿ ಬಸ್ ಸ್ಟ್ಯಾಂಡಲ್ಲಿ ಎಂದಳು ಕೊನೆಗೆ. ಆಮೇಲೆ, ಹೆದರಿಕೆಯೇ ಇಲ್ಲದ, ಎಷ್ಟೋ ದಿನದಿಂದ ಕಾದ ರಿಸಲ್ಟು ಕೇಳುವ ಹಾಗಿನ ಧ್ವನಿಯಲ್ಲಿ ಕೇಳಿದಳು.

"ಅಮ್ಮಂಗೆ ಮೆಸೇಜ್ ಬಂತಾ ಮೇಡಂ?"

ಬಂತು, ಈಗ ಬಂತು ಎಂದಳು ಅನಂತಲಕ್ಷ್ಮಿ. ಹುಡುಗಿ ಒಂದು ಉಸಿರು ಬಿಟ್ಟದ್ದು ಕೇಳಿಸಿತು. ದಿನಾ ನೋಡುತ್ತಿದ್ದಳಂತೆ, ಸಂಜೆ ಮನೆಗೆ ಹೋದ ತಕ್ಷಣ ಅಮ್ಮನ ಫೋನು ಇಸ್ಕೊಂಡು. ಬಸ್ ಪಾಸಿತ್ತಲ್ಲ, ಬೆಳಿಗ್ಗೆ ಹತ್ತಿ ಕೆಂಗೇರಿಗೆ ಬಂದು ಕೂರುತ್ತಿದ್ದಳಂತೆ. ಇವತ್ತು ಮೆಸೇಜ್ ಬರತ್ತೆ, ಅಮ್ಮ ಬೈತಾಳೆ, ಒಂದೇಟು ಹೊಡೆದ್ರೂ ಹೊಡೀಲಿ, ನಾಳೆ ಕಾಲೇಜಿಗೆ ಎಳ್ಕೊಂಡು ಬರ್ತಾಳೆ ಅಂತ. ತಾನಾಗಿ ಬಾಗಿಲಲ್ಲಿ ಬಂದು ನಿಲ್ಲುವುದಕ್ಕೆ ಮುಖ ಇರಲಿಲ್ಲವಂತೆ. ಒಂದು ವಾರ ಮೆಸೇಜ್ ಬರಲಿಲ್ಲ, ಎರಡು ವಾರ ಬರಲಿಲ್ಲ. ಆಮೇಲೆ ನೋಡುವುದು ಬರೀ ಅಭ್ಯಾಸವಾಯಿತು. "ನಾನು ಇಲ್ದೇ ಇದ್ರೆ ಅಲ್ಲಿ ಯಾರಿಗೂ ಗೊತ್ತೇ ಆಗಲ್ಲ ಅನ್ಸ್ತು ಮೇಡಂ," ಎಂದಳು. ಅಳುತ್ತಿರಲಿಲ್ಲ, ಲೆಕ್ಕದ ಉತ್ತರ ಒಪ್ಪಿಸುವವಳ ಹಾಗೆ ಹೇಳಿದಳು.

ಅನಂತಲಕ್ಷ್ಮಿಗೆ ಕಣ್ಣು ತುಂಬಿ ಎದುರಿನದ್ಯಾವುದೂ ಕಾಣಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಯಿಗೆ ಹತ್ತಿರ ತಂದಳು.

"ನಂಗೆ ಗೊತ್ತಿತ್ತು ಕಣಮ್ಮ. ಒಂದು ದಿನಾನೂ ತಪ್ಪದೆ ಗೊತ್ತಾಗ್ತಿತ್ತು."

ಬಸ್ಸು ಹೊರಟುಹೋಗಿರಬೇಕು, ಆ ಕಡೆ ಸದ್ದು ನಿಂತಿತ್ತು. 

"ಗೊತ್ತಿದ್ರೆ ಮತ್ಯಾಕೆ ಮೇಡಂ ಕರೀಲಿಲ್ಲ?"

ಮುನಿಲಕ್ಷ್ಮಮ್ಮ ಬೆಂಚಿನಿಂದ ಎದ್ದು, ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತ ನಿಂತಿದ್ದರು.